ಕಿಟಕಿ ಕಡೆಯ ಸ್ಪೀಕರ್

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ರಿಪೇರಿ ಅಂಗಡಿ ಇತ್ತು. ಅದರಲ್ಲಿ ಇಪ್ಪತ್ತೇಳು ವರ್ಷದಿಂದ ಕೂತು ರೇಡಿಯೋ, ಮೈಕು, ಆಂಪ್ಲಿಫೈಯರ್, ಸ್ಪೀಕರ್ ಅಂತ ಸದ್ದು ಮಾಡುವ ಸಾಮಾನುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನಿಗೆ ಓಣಿಯವರು ಇಟ್ಟ ಹೆಸರು ಬೆಸುಗೆಯಣ್ಣ. ಕೈಯಲ್ಲಿ ಬೆಸುಗೆ ಕಡ್ಡಿ ಇಲ್ಲದೆ ಅವನನ್ನು ನೋಡಿದವರೇ ಕಡಿಮೆ.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸ್ಪೀಕರ್ ತಂದವರು ಅದರ ಕಾಯಿಲೆ ಹೇಳಿ ಮುಗಿಸುವ ಮೊದಲೇ ಬೆರಳಲ್ಲಿ ಒಮ್ಮೆ ತಟ್ಟಿ ನೋಡಿ ಮದ್ದು ಹೇಳುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ತಂಟೆಗೂ ಹೋಗುವವನಲ್ಲ. ಇದ್ದದ್ದು ಒಂದೇ ರೋಗ. ಷಡ್ಡಕನ ಮಾತು ಬಂದರೆ ಸಾಕು, ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು.

ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಇವನಿಗಿಂತ ನಾಲ್ಕು ವರ್ಷ ಚಿಕ್ಕವನು, ಮೆತ್ತಗಿನ ಮನುಷ್ಯ. ಬೈದರೂ ನಗುತ್ತಿದ್ದ, ಹೊಗಳಿದರೂ ನಗುತ್ತಿದ್ದ. ಆ ಮನುಷ್ಯ ಒಂದಿಷ್ಟು ಗರ್ವದವನಾಗಿದ್ದರೆ ಬೆಸುಗೆಯಣ್ಣನ ಪಾಡು ಎಷ್ಟೋ ಸುಲಭವಾಗುತ್ತಿತ್ತು. ನೆಮ್ಮದಿಯಾಗಿ ದ್ವೇಷ ಮಾಡಬಹುದಿತ್ತು. ಅದಕ್ಕೂ ದಾರಿಯಿಲ್ಲದಂತೆ ಅವನು ಒಳ್ಳೆಯವನಾಗಿದ್ದ.

ಮನೆಯಲ್ಲೇ ಸಣ್ಣದೊಂದು ಸ್ಟುಡಿಯೋ ಮಾಡಬೇಕು, ಕೂತು ಸಂಗೀತ ಕಟ್ಟಬೇಕು ಅನ್ನುವ ಆಸೆ ಮೊದಲು ಹುಟ್ಟಿದ್ದು ಬೆಸುಗೆಯಣ್ಣನಿಗೆ. ಮನೆಯ ಹಿಂದಿನ ಕೋಣೆಯನ್ನು ಟೇಪು ಹಿಡಿದು ಅಳೆದಿದ್ದ. ಗೋಡೆಗೆ ದಪ್ಪ ಬಟ್ಟೆ ಬಡಿದಿದ್ದ. ಸ್ಪೀಕರಿಗೆ ಮರದ ಪೆಟ್ಟಿಗೆಗಳನ್ನು ತಾನೇ ಕೊಯ್ದು ಜೋಡಿಸಿದ್ದ. ಅದೇ ತಿಂಗಳು ಮಾವ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡರು.

"ಅಪ್ಪನನ್ನ ಎಲ್ಲಿ ಮಲಗಿಸೋದು?" ಅಂದಳು ಹೆಂಡತಿ. ಅಂದವಳು ಆಗಲೇ ಹಾಸಿಗೆ ಹಿಡಿದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

ಮಾವ ಎರಡು ವರ್ಷ ಅಲ್ಲಿ ಮಲಗಿದರು. ನೋಡಲು ಬರುತ್ತಿದ್ದ ಷಡ್ಡಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, "ಅಣ್ಣ, ಸ್ಪೀಕರ್ ಎಷ್ಟು ದೂರ ಇರಬೇಕು? ಗೋಡೆಗೆ ಯಾಕೆ ಬಟ್ಟೆ?" ಅಂತ ಕೇಳುತ್ತಿದ್ದ. ಕೇಳುವವರು ಸಿಕ್ಕರಲ್ಲ ಅಂತ ಬೆಸುಗೆಯಣ್ಣ ಗೊತ್ತಿದ್ದದ್ದನ್ನೆಲ್ಲ ಸುರಿದ. ಮಾವ ಎದ್ದು ನಡೆಯುವಂತಾದ ಮೇಲೆ, ಮೆಟ್ಟಿಲಿಲ್ಲದ ಮನೆ ಅಂತ ಚಿಕ್ಕ ಮಗಳ ಮನೆಗೆ ಹೋಗಿಬಿಟ್ಟರು. ಅಷ್ಟರಲ್ಲಿ ಇಲ್ಲಿ ಗೋಡೆಯ ಬಟ್ಟೆಗೆ ಬೂಷ್ಟು ಹಿಡಿದಿತ್ತು, ಸ್ಪೀಕರ್ ಪೆಟ್ಟಿಗೆಗಳಲ್ಲಿ ಹೆಂಡತಿ ಈರುಳ್ಳಿ ತುಂಬಿಸಿಟ್ಟಿದ್ದಳು. ಅಲ್ಲಿ ಷಡ್ಡಕನ ಮನೆಯಲ್ಲಿ ಸ್ಟುಡಿಯೋ ಎದ್ದು ನಿಂತಿತ್ತು. ಬೆಸುಗೆಯಣ್ಣ ಬಾಯಲ್ಲಿ ಕಟ್ಟಿದ್ದನ್ನು ಅವನು ಗೋಡೆಯ ಮೇಲೆ ಕಟ್ಟಿದ್ದ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಷಡ್ಡಕ ಮಕ್ಕಳು ಫೋನಿನಲ್ಲಿ ಕೇಳುವ ಕತೆಗಳಿಗೆ ಹಿನ್ನೆಲೆ ಸಂಗೀತ ಮಾಡತೊಡಗಿದ. ಕಚೇರಿಗೆ ಹೋಗುವ ಮೊದಲು ಎರಡು ಗಂಟೆ, ರಜಾ ದಿನ ಇಡೀ ದಿನ. ಕತೆ ಕೇಳುವ ಮಕ್ಕಳಿರುವ ಮನೆಗಳಲ್ಲೆಲ್ಲ ಆ ರಾಗಗಳು ಓಡಾಡತೊಡಗಿದವು. ಪಕ್ಕದ ಟೈಲರ್ ಒಂದು ದಿನ ಅದನ್ನೇ ಗುನುಗುತ್ತ ಮಷೀನು ತುಳಿಯುತ್ತಿದ್ದ.

"ಯಾವುದಯ್ಯ ಅದು?" ಬೆಸುಗೆಯಣ್ಣ ಕೇಳಿದ.

"ನಿಮ್ಮ ಷಡ್ಡಕರದ್ದೇ ಅಲ್ವಾ? ನನ್ನ ಮೊಮ್ಮಗಳು ಇದನ್ನ ಹಾಕದೆ ಊಟಾನೇ ಮಾಡಲ್ಲ."

ಬೆಸುಗೆಯಣ್ಣ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಇನ್ನು ಮಾವ. ಶ್ರುತಿಗೂ ಕುಕ್ಕರ್ ಸೀಟಿಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯ, ಬಂದವರಿಗೆಲ್ಲ ಫೋನು ಹಿಡಿದು ಚಿಕ್ಕ ಅಳಿಯನ ಸಂಗೀತ ಕೇಳಿಸುತ್ತಿದ್ದರು. ಕೇಳಿಸಿ ಮುಗಿದ ಮೇಲೆ ಒಂದು ಮಾತು: "ದೊಡ್ಡಳಿಯ ರಿಪೇರಿ, ಚಿಕ್ಕಳಿಯ ಸಂಗೀತ." ಅವರು ತಮಾಷೆಗೆ ಅನ್ನುತ್ತಿದ್ದರು. ಎರಡು ವರ್ಷ ತನ್ನ ಕನಸಿನ ಕೋಣೆಯಲ್ಲಿ ಮಲಗಿ ಎದ್ದವರು ಹಾಗೆ ಅಂದಾಗ ತಮಾಷೆ ಅಂತ ತೆಗೆದುಕೊಳ್ಳಲು ಬೆಸುಗೆಯಣ್ಣನಿಂದ ಆಗುತ್ತಿರಲಿಲ್ಲ. ಅಲ್ಲಿಂದ ಬಂದ ದಿನವೆಲ್ಲ ಮುಖ ಗಂಟಿಕ್ಕಿಕೊಂಡಿರುತ್ತಿದ್ದ. ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು: "ಬೆಸುಗೆ ಕಡ್ಡಿ ಆರಿಸಿದ್ರಾ? ಏನೋ ಸುಟ್ಟ ವಾಸನೆ ಬರ್ತಿದೆ."

ಹೀಗಿರುವಾಗ ಒಂದು ಮಂಗಳವಾರ ನಾದಿನಿಯ ಫೋನು ಬಂತು.

"ಭಾವ, ಭಾನುವಾರದಿಂದ ಇವರ ಸ್ಟುಡಿಯೋದಲ್ಲಿ ಏನೋ ತೊಂದರೆ. ಒಂದು ಕಡೆ ಸ್ಪೀಕರ್ ಜೋರು, ಒಂದು ಕಡೆ ಮೆತ್ತಗೆ. ತಲೆ ಕೆಡಿಸ್ಕೊಂಡು ಕೂತಿದಾರೆ. ನೀವೊಂದು ಸಲ ಬಂದು ನೋಡ್ತೀರಾ?"

"ನೋಡೋಣಮ್ಮ. ಕೆಲಸ ತುಂಬಾ ಇದೆ. ಶನಿವಾರ ಬಿಡುವಾದರೆ ಬರ್ತೀನಿ."

ಕೆಲಸ ತುಂಬಾ ಏನೂ ಇರಲಿಲ್ಲ. ಮೇಜಿನ ಮೇಲೆ ಒಂದು ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಅದರ ಯಜಮಾನನಿಗೂ ಅವಸರವಿರಲಿಲ್ಲ. ಆದರೆ ಷಡ್ಡಕ ನಾಲ್ಕು ದಿನ ಒದ್ದಾಡಲಿ ಅನ್ನಿಸಿತು. ಆ ನಾಲ್ಕು ದಿನ ಬೆಸುಗೆಯಣ್ಣ ಎರಡು ಹೊತ್ತೂ ಹೊಟ್ಟೆ ತುಂಬ ಉಂಡ.

ಶನಿವಾರ ಬೆಳಿಗ್ಗೆ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಷಡ್ಡಕ ಬಾಗಿಲಿಗೇ ಓಡಿ ಬಂದು ಚೀಲ ಇಸಿದುಕೊಂಡ. "ಬಂದ್ಯಲ್ಲ ಅಣ್ಣ, ಇನ್ನು ನನಗೆ ಚಿಂತೆ ಇಲ್ಲ." ಹಜಾರದಲ್ಲಿ ಪೇಪರ್ ಓದುತ್ತಿದ್ದ ಮಾವ ಕನ್ನಡಕದ ಮೇಲಿಂದ ನೋಡಿ, "ಬಾಪ್ಪ, ಡಾಕ್ಟ್ರೇ," ಅಂದರು.

ಕೋಣೆಗೆ ಕಾಲಿಟ್ಟ ಕೂಡಲೇ ಬೆಸುಗೆಯಣ್ಣನ ಕಣ್ಣು ತನಗೆ ತಾನೇ ಲೆಕ್ಕ ಹಾಕತೊಡಗಿತು. ಗೋಡೆಗೆ ಬೂದು ಬಣ್ಣದ ದಪ್ಪ ಬಟ್ಟೆಯ ಚೌಕಗಳು, ಒಂದೂ ಸೊಟ್ಟಗಿಲ್ಲ. ಮೇಜಿನ ಮೇಲೆ ಕೀಬೋರ್ಡು, ಕಂಪ್ಯೂಟರ್. ಮೇಜಿನ ಆಚೆ ಎರಡು ಸ್ಟ್ಯಾಂಡು, ಅವುಗಳ ಮೇಲೆ ಕಪ್ಪಗೆ ಹೊಳೆಯುವ ಜೋಡಿ ಸ್ಪೀಕರ್. ಎಡಗಡೆಯದು ಕಿಟಕಿಯ ಪಕ್ಕ, ಬಲಗಡೆಯದು ಬಟ್ಟೆಯ ಬೀರುವಿನ ಪಕ್ಕ. ನಡುವೆ ತಿರುಗುವ ಕುರ್ಚಿ. ತಾನು ಅಂದು ಮಂಚದ ಪಕ್ಕ ಕೂತು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ್ದೆಲ್ಲ ಹಾಗೆ ಹಾಗೇ ಇತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಅಂತ ಮನಸ್ಸಿನಲ್ಲೇ ಅಂದುಕೊಂಡು, ಅದರಿಂದಲೂ ತೃಪ್ತಿಯಾಗದೆ ಚೀಲ ಬಿಚ್ಚಿದ.

"ಹೇಳು, ಯಾವುದು ಮೆತ್ತಗೆ?"

"ಕಿಟಕಿ ಕಡೇದು. ಒಬ್ಬರೇ ಮಾತಾಡಿರೋದನ್ನ ಹಾಕಿದರೆ ಧ್ವನಿ ಸರಿಯಾಗಿ ಮಧ್ಯದಲ್ಲಿ ನಿಲ್ಲಬೇಕು ಅಂತ ನೀನೇ ಹೇಳಿದ್ದೆ ನೋಡು. ಈಗ ಅದು ಬೀರು ಕಡೆ ವಾಲ್ಕೊಳ್ಳುತ್ತೆ."

ಷಡ್ಡಕ ಹಾಕಿದ. ಕತೆ ಹೇಳುವ ಹೆಂಗಸಿನ ಧ್ವನಿ. ಬೆಸುಗೆಯಣ್ಣ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದ. ಧ್ವನಿ ಕೂದಲೆಳೆಯಷ್ಟೂ ಆಚೀಚೆಯಾಗದೆ ನಟ್ಟನಡುವೆ ನಿಂತಿತ್ತು. ಇವನಿಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ದೊಡ್ಡ ಸಂಗೀತಗಾರನಿಗೆ ಕಿವಿ ಇಷ್ಟೇನಾ? ಆದರೂ ಕಸುಬು ಕಸುಬೇ. ಒಂದೊಂದಾಗಿ ನೋಡತೊಡಗಿದ.

ಮೊದಲು ಎರಡು ಸ್ಪೀಕರಿಗೂ ಹೋಗುವ ವೈರುಗಳನ್ನು ಅದಲು ಬದಲು ಮಾಡಿದ. ದೋಷ ವೈರಿನಲ್ಲೋ ಅದರ ಹಿಂದಿನ ಡಬ್ಬಿಯಲ್ಲೋ ಇದ್ದರೆ ಮೆತ್ತಗಿನ ಕಡೆ ಈಗ ಬೀರು ಕಡೆಗೆ ಬರಬೇಕು. ಷಡ್ಡಕ ಕೂತು ಕೇಳಿ, "ಊಹೂಂ, ಈಗಲೂ ಕಿಟಕಿ ಕಡೇದೇ ಮೆತ್ತಗೆ," ಅಂದ.

ಆಮೇಲೆ ಸ್ಪೀಕರುಗಳನ್ನೇ ಎತ್ತಿ ಇದನ್ನು ಅಲ್ಲಿಗೂ ಅದನ್ನು ಇಲ್ಲಿಗೂ ಇಟ್ಟ. ಸ್ಪೀಕರಿನ ದೋಷವಾದರೆ ಅದರ ಜೊತೆಗೇ ಹೋಗಬೇಕು. "ಈಗಲೂ ಕಿಟಕಿ ಕಡೇದೇ."

ಹಿಂದುಗಡೆಯ ವಾಲ್ಯೂಮ್ ನಾಬ್ ಎರಡರಲ್ಲೂ ಒಂದೇ ಗುರುತಿನಲ್ಲಿತ್ತು. ಕುರ್ಚಿಯಿಂದ ಎರಡಕ್ಕೂ ಟೇಪು ಹಿಡಿದ. ಒಂದು ಬೆರಳಿನಷ್ಟು ವ್ಯತ್ಯಾಸ, ಸರಿ ಮಾಡಿದ. ಕಿಟಕಿಯ ಪರದೆ ಎಳೆದು ನೋಡಿದ, ಬೀರುವಿನ ಬಾಗಿಲು ತೆಗೆದು ನೋಡಿದ. ಕೊನೆಗೆ ಚೀಲದಿಂದ ಸದ್ದು ಅಳೆಯುವ ಮೀಟರ್ ತೆಗೆದು ಕುರ್ಚಿಯ ಜಾಗದಲ್ಲಿ ಹಿಡಿದು ಒಂದೊಂದೇ ಸ್ಪೀಕರ್ ಹಾಕಿಸಿದ. ಕಿಟಕಿ ಕಡೆಯದು ಎಪ್ಪತ್ತೈದು. ಬೀರು ಕಡೆಯದೂ ಎಪ್ಪತ್ತೈದು.

ಮೀಟರಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರುವುದಿಲ್ಲ. ಬೆಸುಗೆಯಣ್ಣ ಅದನ್ನು ಎರಡು ಸಲ ನೋಡಿದ. ಆಮೇಲೆ ಷಡ್ಡಕನ ಮುಖ ನೋಡಿದ.

"ಒಂದು ಕೆಲಸ ಮಾಡು. ಕುರ್ಚಿ ತಿರುಗಿಸಿ, ಸ್ಪೀಕರಿಗೆ ಬೆನ್ನು ಮಾಡಿ ಕೂತ್ಕೋ."

ಷಡ್ಡಕ ಹಾಗೇ ಕೂತ. ಮತ್ತೆ ಆ ಹೆಂಗಸಿನ ಧ್ವನಿ.

"ಈಗ?"

"ಇದೇನು ವಿಚಿತ್ರ ಅಣ್ಣ. ಈಗ ಬೀರು ಕಡೇದು ಮೆತ್ತಗಾಯ್ತು. ಕಿಟಕಿ ಕಡೇದು ಜೋರಾಗಿದೆ."

ಬೆಸುಗೆಯಣ್ಣನಿಗೆ ಗೊತ್ತಾಗಿಹೋಯಿತು. ತಲೆ ತಿರುಗಿದರೆ ದೋಷವೂ ತಿರುಗುತ್ತದೆ ಅಂದರೆ ಅದು ವೈರಿನಲ್ಲೂ ಇಲ್ಲ, ಸ್ಪೀಕರಿನಲ್ಲೂ ಇಲ್ಲ, ಕೋಣೆಯಲ್ಲೂ ಇಲ್ಲ. ಅದು ಷಡ್ಡಕನ ಎಡ ಕಿವಿಯಲ್ಲಿದೆ.

ಆ ಗಳಿಗೆಯಲ್ಲಿ ಅವನಿಗೆ ಏನನ್ನಿಸಿತು ಅಂತ ಮುಚ್ಚಿಡಬೇಕಾಗಿಲ್ಲ, ಅವನೇ ಮುಂದೆ ಹೆಂಡತಿಯ ಹತ್ತಿರ ಹೇಳಿಕೊಂಡ. ಅಯ್ಯೋ ಅನ್ನಿಸಲಿಲ್ಲ. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತೆ ಉಸಿರು ಸಲೀಸಾಗಿ ಬಂತು. ಇಷ್ಟೆಲ್ಲ ಇಟ್ಟುಕೊಂಡು ಏನು ಮಾಡುತ್ತೀಯ ಈಗ? ಅಂತ ಒಳಗಿನವನೊಬ್ಬ ಕೇಳಿದ.

ಷಡ್ಡಕ ಕುರ್ಚಿ ತಿರುಗಿಸಿ, "ಯಾಕಣ್ಣ ಹಾಗಾಯ್ತು?" ಅಂದ.

"ಬೆನ್ನು ಮಾಡಿ ಕೂತರೆ ಹಾಗೇ ಕೇಳಿಸೋದು. ಎಲ್ಲರಿಗೂ," ಅಂದುಬಿಟ್ಟ ಬೆಸುಗೆಯಣ್ಣ. ಹೇಳುತ್ತಲೇ ಕಿಟಕಿ ಕಡೆಯ ಸ್ಪೀಕರಿನ ಹಿಂದೆ ಕೈ ಹಾಕಿ ನಾಬನ್ನು ಸ್ವಲ್ಪ ಸ್ವಲ್ಪವೇ ಏರಿಸಿದ. "ಈಗ ನೋಡು."

"ಇನ್ನೊಂಚೂರು... ಆಂ, ಬಂತು. ಮಧ್ಯಕ್ಕೇ ಬಂತು ನೋಡು."

"ಒಳಗೆ ಒಂದು ತಿರುಪು ಸಡಿಲ ಆಗಿತ್ತು ಅಷ್ಟೆ."

ಆ ಸ್ಪೀಕರ್ ಈಗ ಬೆಸುಗೆಯಣ್ಣನ ಕಿವಿಗೆ ಸಂತೆಯಲ್ಲಿ ಕೂಗುವವನಂತೆ ಅರಚುತ್ತಿತ್ತು. ಷಡ್ಡಕ ಅವನ ಎರಡೂ ಕೈ ಹಿಡಿದುಕೊಂಡ. ನಾದಿನಿ ಕಾಫಿ ತಂದುಕೊಟ್ಟು, "ನೀವು ಮುಟ್ಟಿದ್ರೆ ಸರಿಹೋಗುತ್ತೆ ಅಂತ ನಾನು ಅವತ್ತೇ ಹೇಳಿದ್ದೆ ಭಾವ," ಅಂದಳು. ಮಾವನಂತೂ ಎದ್ದು ಬಂದು ಬೆನ್ನು ತಟ್ಟಿದರು. "ಇವನಿಲ್ಲದಿದ್ರೆ ಅವನ ಸಂಗೀತ ಎಲ್ಲಿಂದ ಬರುತ್ತಿತ್ತು?" ಹತ್ತು ವರ್ಷ ಕಾದ ಮಾತು. ಬೆಸುಗೆಯಣ್ಣ ಕಾಫಿಯನ್ನು ಅರ್ಧ ಲೋಟ ಬಿಟ್ಟು ಎದ್ದ.

ಭಾನುವಾರ, ಸೋಮವಾರ ಹಗುರವಾಗಿ ಓಡಾಡಿದ. ಷಡ್ಡಕನ ಹಳೆಯ ಸಂಗೀತವನ್ನೆಲ್ಲ ಅಂಗಡಿಯಲ್ಲಿ ಹಾಕಿ ಕೇಳಿದ, ಎಲ್ಲಾದರೂ ತಪ್ಪು ಸಿಗಬಹುದು ಅಂತ. ಸಿಗಲಿಲ್ಲ. ಒಂದು ಕತೆಯಲ್ಲಿ ಆಮೆ ನದಿ ದಾಟುವ ಜಾಗಕ್ಕೆ ಅವನು ಹಾಕಿದ್ದ ನಾಲ್ಕು ಸ್ವರ ಕೇಳಿ ಇವನು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತ. ಅದನ್ನು ಮಾಡಿದ ಕಿವಿ ಈಗ ಮಂದವಾಗುತ್ತಿದೆ. ಅದು ಈ ಊರಿನಲ್ಲಿ ತನಗೊಬ್ಬನಿಗೇ ಗೊತ್ತು. ಮಂಗಳವಾರದಿಂದ ಆ ಗುಟ್ಟು ಗಂಟಲಲ್ಲಿ ಸಿಕ್ಕ ಮುಳ್ಳಿನಂತಾಯಿತು. ಹೇಳೋಣವೇ ಅಂದುಕೊಳ್ಳುವನು; ಅಷ್ಟರಲ್ಲಿ ಪಕ್ಕದ ಟೈಲರ್ ಗುನುಗುವನು; ಸುಮ್ಮನಾಗುವನು.

ಶುಕ್ರವಾರ ಬೆಳಿಗ್ಗೆ ಕಿವಿ ಆಸ್ಪತ್ರೆಯ ಹೆಂಗಸು ಬಂದಳು. ಕಿವಿ ಪರೀಕ್ಷೆ ಮಾಡುವ ಹೆಡ್‌ಫೋನಿನ ವೈರು ಕಿತ್ತುಹೋದಾಗಲೆಲ್ಲ ಅವಳು ಬರುವುದು ಇಲ್ಲಿಗೇ. ಬೆಸುಗೆಯಣ್ಣ ತಲೆ ಎತ್ತದೆ ಕೇಳಿದ:

"ಅಲ್ಲಮ್ಮ, ಒಬ್ಬರಿಗೆ ಇದ್ದಕ್ಕಿದ್ದ ಹಾಗೆ ಒಂದೇ ಕಿವಿ ಮಂದ ಆದರೆ ಏನದು?"

"ಯಾರಿಗೆ?"

"ಯಾರಿಗೋ. ಗಿರಾಕಿ."

"ತಡ ಮಾಡದೆ ಕಳಿಸಿ. ಕೆಲವು ಸಲ ಬರೀ ಕೊಳೆ ಕಟ್ಟಿರುತ್ತೆ. ಆದರೆ ಒಳಗಿನ ನರದ ತೊಂದರೆ ಆಗಿದ್ರೆ ಮೊದಲ ಎರಡು ವಾರದೊಳಗೆ ಔಷಧಿ ಬೀಳಬೇಕು. ಒಂದೊಂದು ದಿನವೂ ಮುಖ್ಯ. ಆಮೇಲೆ ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರಲ್ಲ."

ಭಾನುವಾರದಿಂದ ಅಂದಿದ್ದಳು ನಾದಿನಿ. ಇವನು ಬೇಕಂತಲೇ ಕಳೆದ ನಾಲ್ಕು ದಿನ, ಬಾಯಿ ಮುಚ್ಚಿಕೊಂಡಿದ್ದ ಆರು ದಿನ, ಅವಳು ಫೋನು ಮಾಡುವ ಮೊದಲಿನ ಎರಡು ದಿನ, ಎಲ್ಲ ಸೇರಿ ಇವತ್ತಿಗೆ ಹನ್ನೆರಡು ದಿನ. ಅವನು ಹೆಡ್‌ಫೋನಿನ ವೈರಿಗೆ ಬೆಸುಗೆ ಹಾಕಿ ಮುಗಿಸಿದ. ಎರಡು ಸಲ ಹಾಕಬೇಕಾಯಿತು. ಅವಳು ಹೋದ ಮೇಲೆ ಕಡ್ಡಿ ಆರಿಸಿ, ಹಲಗೆ ಎಳೆದು ಬೀಗ ಹಾಕಿ, ಸಿಕ್ಕ ಆಟೋ ಹತ್ತಿ ನೇರ ನೀರಿನ ಕಚೇರಿಗೆ ಹೋದ.

ಷಡ್ಡಕ ಫೈಲುಗಳ ನಡುವೆ ಕೂತಿದ್ದ. ಎಡಗಡೆಯಿಂದ ಬಂದು ಕರೆದರೆ ತಿರುಗಲಿಲ್ಲ. ಮುಂದೆ ಹೋಗಿ ನಿಂತ ಮೇಲೆ ನಕ್ಕ.

"ಅಣ್ಣ, ನಾನೇ ಫೋನ್ ಮಾಡೋಣ ಅಂತಿದ್ದೆ. ಆ ತಿರುಪು ಮತ್ತೆ ಸಡಿಲ ಆಗಿದೆ ಅನ್ಸುತ್ತೆ. ನಿನ್ನೆಯಿಂದ ಮತ್ತೆ ಮೆತ್ತಗೆ."

"ತಿರುಪೂ ಇಲ್ಲ ಏನೂ ಇಲ್ಲ. ಎದ್ದೇಳು, ಆಸ್ಪತ್ರೆಗೆ ಹೋಗಬೇಕು. ನಿನ್ನ ಕಿವಿಗೆ ಏನೋ ಆಗಿದೆ."

ಆಟೋದಲ್ಲಿ ಅರ್ಧ ದಾರಿಗೆ ಷಡ್ಡಕ ಹೊರಗೆ ನೋಡುತ್ತ ಕೇಳಿದ, "ಅವತ್ತು ಕುರ್ಚಿ ತಿರುಗಿಸು ಅಂದೆಯಲ್ಲ. ಆಗಲೇ ಗೊತ್ತಾಯ್ತಾ?"

ಇಲ್ಲ ಅನ್ನಬಹುದಿತ್ತು. ಅಂದರೆ ನಂಬುತ್ತಿದ್ದ.

"ಹೂಂ," ಅಂದ ಬೆಸುಗೆಯಣ್ಣ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚು."

ಷಡ್ಡಕ ನಗದೆ ಕೂತದ್ದನ್ನು ಅವನು ನೋಡಿದ್ದು ಅಂದೇ ಮೊದಲು.

ನರದ ತೊಂದರೆಯೇ ಆಗಿತ್ತು. ಅವತ್ತೇ ಔಷಧಿ ಶುರುವಾಯಿತು. ಮೂರು ತಿಂಗಳು ಓಡಾಡಿದ ಮೇಲೆ ಹೋದದ್ದರಲ್ಲಿ ಅರ್ಧದಷ್ಟು ಮರಳಿ ಬಂತು, ಉಳಿದರ್ಧ ಬರಲಿಲ್ಲ. ಮೊದಲೇ ಬಂದಿದ್ದರೆ ಪೂರ್ತಿ ಬರುತ್ತಿತ್ತೇ ಅಂತ ನಾದಿನಿ ಡಾಕ್ಟರನ್ನು ಕೇಳಿದಳು. "ಹೇಳಲಿಕ್ಕಾಗಲ್ಲಮ್ಮ, ಬರಬಹುದಿತ್ತು, ಬರದೆಯೂ ಇರಬಹುದಿತ್ತು," ಅಂದರು ಅವರು. ಅವಳು ಆ ಮಾತಿನ ಮೊದಲರ್ಧ ಇಟ್ಟುಕೊಂಡಳು. ಅಂದಿನಿಂದ ಭಾವನ ಜೊತೆ ಮಾತು ಬಿಟ್ಟಳು. ಬೆಸುಗೆಯಣ್ಣನ ಹೆಂಡತಿ ಎಲ್ಲ ಕೇಳಿ ಮುಗಿಸಿ, ಬೈಯಲಿಲ್ಲ, ಅಳಲಿಲ್ಲ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಕೂತಿದ್ದಳು. ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಕರೆದವನು ಷಡ್ಡಕನೇ. ಐದನೇ ತಿಂಗಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ನಿನ್ನ ಮೇಲಿನ ಕೋಪ ಹೋಗಿಲ್ಲ ಅಣ್ಣ. ಆದರೆ ನನಗೆ ಎರಡು ಸರಿಯಾದ ಕಿವಿ ಬೇಕು. ಯಾವ ಕಡೆ ಎಷ್ಟು ಇಡಬೇಕು ಅಂತ ನನಗೀಗ ತಿಳಿಯಲ್ಲ. ಶನಿವಾರ ಶನಿವಾರ ಬಂದು ಕೇಳಿ ಹೇಳ್ತೀಯಾ?"

ಬರಲ್ಲ ಅನ್ನಲು ಬಾಯಿ ಬರಲಿಲ್ಲ. ಶನಿವಾರಗಳು ಶುರುವಾದವು. ಬೆಸುಗೆಯಣ್ಣ ಆ ಕುರ್ಚಿಯಲ್ಲಿ ಕೂತು, "ಕೊಳಲು ಸ್ವಲ್ಪ ಎಡಕ್ಕೆ, ಮಾತು ನಡುವೆ ಬಿಡು," ಅನ್ನುವನು. ಷಡ್ಡಕ ಹಾಗೇ ಮಾಡುವನು. ನಾದಿನಿ ಕಾಫಿ ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟು ಹೋಗುವಳು. ಒಂದೂವರೆ ಕಿವಿಯಲ್ಲಿ ಷಡ್ಡಕ ಕಟ್ಟುತ್ತಿದ್ದ ರಾಗಗಳು ಮೊದಲಿನವಕ್ಕಿಂತ ಚೆನ್ನಾಗಿದ್ದವು. ಬೆಸುಗೆಯಣ್ಣನಿಗೆ ಅದು ಗೊತ್ತಾಗುತ್ತಿತ್ತು, ಗೊತ್ತಾದಾಗಲೆಲ್ಲ ಹೊಟ್ಟೆಯಲ್ಲಿ ಅದೇ ಹಳೆಯ ಉರಿ.

ಒಂದು ಶನಿವಾರ ಷಡ್ಡಕ ಮಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗಿತ್ತು. "ಮಧ್ಯಾಹ್ನದವರೆಗೆ ಕೋಣೆ ನಿಂದೇ ಅಣ್ಣ. ಏನಾದರೂ ಮಾಡು. ನಿನ್ನ ತಲೇಲಿ ರಾಗಗಳು ಇದ್ದವಲ್ಲ, ಆಗ ಹೇಳ್ತಿದ್ದೆ," ಅಂದು ಬಾಗಿಲು ಎಳೆದುಕೊಂಡು ಹೋದ.

ಬೆಸುಗೆಯಣ್ಣ ಕೀಬೋರ್ಡಿನ ಮುಂದೆ ಕೂತ. ಮೂರು ಗಂಟೆ ಕೂತ. ಬೆರಳಿಗೆ ಬಂದದ್ದೆಲ್ಲ ಷಡ್ಡಕನ ರಾಗಗಳೇ. ಆಮೆಯ ನಾಲ್ಕು ಸ್ವರ ಬಂತು, ಟೈಲರ್ ಗುನುಗುವುದು ಬಂತು. ಅದನ್ನು ಬಿಟ್ಟು ತನ್ನದು ಅಂತ ಹುಡುಕಿದರೆ ಮೂರು ಸ್ವರ ಮುಂದಕ್ಕೆ ಹೋಗಿ ಎತ್ತು ಗಾಣ ಸುತ್ತಿದಂತೆ ಅಲ್ಲಿಗೇ ಬರುತ್ತಿತ್ತು. ಗೋಡೆ ಸರಿಯಿತ್ತು, ಸ್ಪೀಕರ್ ಸರಿಯಿತ್ತು, ಎರಡು ಕಿವಿಯೂ ಗಟ್ಟಿಯಿದ್ದವು. ಇಷ್ಟು ವರ್ಷ ಬೈದದ್ದು ಮಾವನ ಸೊಂಟವನ್ನು.

ಷಡ್ಡಕ ಬಂದಾಗ ಅವನು ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದ.

"ಏನಾಯ್ತಣ್ಣ?"

"ಏನೂ ಬರಲಿಲ್ಲ."

"ನನಗೂ ಮೊದಲ ಆರು ತಿಂಗಳು ಬರಲಿಲ್ಲ," ಅಂದ ಷಡ್ಡಕ. ಆಡಿಕೊಂಡಿದ್ದರೆ ಬೆಸುಗೆಯಣ್ಣನಿಗೆ ಚೆನ್ನಾಗಿರುತ್ತಿತ್ತು. "ಸರಿ, ಹೊಸದೊಂದು ಇದೆ, ಕೇಳ್ತೀಯಾ?"

ಬೆಸುಗೆಯಣ್ಣ ಕುರ್ಚಿಗೆ ಬಂದು ಕೂತ. ಅದು ನವಿಲೊಂದು ಮನೆ ಹುಡುಕಿಕೊಂಡು ಹೋಗುವ ಕತೆ. ಪೂರ್ತಿ ಕೇಳಿ, ಇನ್ನೊಂದು ಸಲ ಹಾಕಿಸಿ ಕೇಳಿ, "ತಬಲ ಬಲಕ್ಕೆ ಒಂಚೂರು ಜಾಸ್ತಿ ಆಗಿದೆ. ಉಳಿದದ್ದು ಮುಟ್ಟಬೇಡ," ಅಂದ. ಹೊರಗೆ ಹಜಾರದಲ್ಲಿ ನಾದಿನಿ ಕಾಫಿ ಇಟ್ಟು, ಯಾರಿಗೂ ಹೇಳದವಳಂತೆ, "ಆರಿಹೋಗುತ್ತೆ," ಅಂದಳು. ಒಂಬತ್ತು ತಿಂಗಳಿಗೆ ಅದು ಭಾವನಿಗಾಗಿ ಅವಳ ಬಾಯಿಂದ ಬಂದ ಮೊದಲ ಮಾತು. ಬೆಸುಗೆಯಣ್ಣ ಎದ್ದು ಹೋಗಿ ಕುಡಿದ.